ಪೋಲಿಷೋ ಡ್ಯಾನಿಷೋ ಎಂದು ಕೇಳಿದವಳಿಗೆ

ಭೇರ್ಯ,
ಕೆ.ಆರ್. ನಗರ ತಾಲ್ಲೂಕು
೨೬-೧೧-೧೯೯೯, ಶುಕ್ರವಾರ

ಚಿ. ಶಿವಾನಿಗೆ,

ದೊಡ್ಡಪ್ಪನ ತುಂಬು ಮನಸ್ಸಿನ ಆಶೀರ್ವಾದಗಳು. ದೀಪಾವಳಿಗೆ ಮುಂಚೆ ಬಂದ ನಿನ್ನ ಕಾಗದಕ್ಕೆ ಕಾರ್ತೀಕ ಅರ್ಧ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ನಿನ್ನ ಎರಡನೆಯ ಕಾರ್ಡೂ ಬಂತು. ಅದರಲ್ಲಿ ಹೆಚ್ಚೇನೂ ಇರಲಿಲ್ಲ, 'ದೊಡ್ಡಪ್ಪಾ?' ಎಂದಷ್ಟೇ ಇತ್ತು. ಓದಿ ನಗು ಬಂತು, ಆಮೇಲೆ ನಾಚಿಕೆಯಾಯಿತು. ಹಡಗಿನ ಕೆಲಸ ಬಿಟ್ಟು ಬಂದ ಮುದಿ ಫಿಟ್ಟರಿಗೆ ಪುರುಸೊತ್ತಿರಲಿಲ್ಲ ಎಂದರೆ ಧಾರವಾಡದಲ್ಲಿ ಕೂತ ನೀನು ನಂಬುವುದಿಲ್ಲ. ಆದರೂ ಇರಲಿಲ್ಲ ಮಗಳೇ. ಬೈದುಕೋ, ಆಮೇಲೆ ಮುಂದಕ್ಕೆ ಓದು.

ಇಲ್ಲಿ ಭತ್ತ ಬಲಿತು ತಲೆಬಾಗಿದೆ. ಬೆಳಿಗ್ಗೆ ನಾಲೆಯ ಮೇಲಿನಿಂದ ಮಂಜು ಎದ್ದು ಗದ್ದೆಗೆ ಇಳಿದರೆ ಎದುರು ಮನೆಯ ಚಿಕ್ಕಸಿದ್ದಮ್ಮನ ಹಿತ್ತಲೂ ಕಾಣುವುದಿಲ್ಲ, ಅವರ ಕೋಳಿಯ ಕೂಗು ಮಾತ್ರ ಎಲ್ಲಿಂದಲೋ ಕೇಳುತ್ತದೆ. ಆಗ ಒಂದು ಗಳಿಗೆ ನಾನು ಯಾವ ಬಂದರಿನಲ್ಲಿದ್ದೇನೆ ಎಂದು ಗೊತ್ತಾಗುವುದಿಲ್ಲ. ಪೋಲೆಂಡಿನ ಗ್ದೀನ್ಯಾದಲ್ಲೂ ಹೀಗೇ. ಬಿಳಿಯ ಒಳಗಿಂದ ಒಂದು ದನಿ ಬರುತ್ತಿತ್ತು, ಆಮೇಲೆ ಆ ದನಿಯ ಮನುಷ್ಯ ಬರುತ್ತಿದ್ದ. ಈಗ ನಿನ್ನ ದೊಡ್ಡಮ್ಮ ಜಗಲಿಯ ಮೇಲೆ ಎಳೆಬಿಸಿಲಿಗೆ ಕೂತಿದ್ದಾಳೆ. ನಿನಗೆ ಬರೆಯುತ್ತಿದ್ದೇನೆ ಎಂದು ಗೊತ್ತು. ಪೆನ್ನನ್ನೇ ನೋಡುತ್ತಿದ್ದಾಳೆ.

ನೀನು ಕೇಳಿದ ವಿಷಯಕ್ಕೆ ಬರುತ್ತೇನೆ. ಎರಡು ದೇಶದವರು ವಿದ್ಯಾರ್ಥಿವೇತನ ಕೊಡುತ್ತಾರೆ, ಎರಡು ಕಡೆಯೂ ನಿನ್ನ ಪಾಚಿಗಳ ಮೇಲೆ ಕೆಲಸ ಮಾಡುವ ಮೇಷ್ಟ್ರುಗಳಿದ್ದಾರೆ, ಮೊದಲ ವರ್ಷ ಆ ದೇಶದ ಭಾಷೆ ಕಲಿಯಲೇಬೇಕು, ಯಾವ ದೇಶ ಮೊದಲು ಎಂದು ಡಿಸೆಂಬರ್ ಹದಿನೈದರೊಳಗೆ ದೆಹಲಿಗೆ ತಿಳಿಸಬೇಕು. 'ಎರಡೂ ನಿಮಗೆ ಬರುತ್ತೆ. ಯಾವುದು ಕಲಿಯೋದು ಸುಲಭ, ಪೋಲಿಷೋ ಡ್ಯಾನಿಷೋ?' ಎಂದು ಕೇಳಿದ್ದೀಯ. ಬರುತ್ತೆ ಎನ್ನುವುದು ದೊಡ್ಡ ಮಾತು. ನನಗೆ ಬರುವುದು ಅಡುಗೆಮನೆಯ ಪೋಲಿಷು, ಇಂಜಿನ್ ರೂಮಿನ ಡ್ಯಾನಿಷು.

ನಿನ್ನ ಅಪ್ಪ ಚನ್ನಬಸವಣ್ಣ ಹುಣಸೂರಿನಿಂದ ಬಂದಿದ್ದ. ಹೊಗೆಸೊಪ್ಪಿನ ಹರಾಜು ನಡೆಯುವ ಈ ಕಾಲದಲ್ಲಿ ಅವನು ಅಂಗಡಿ ಬಿಟ್ಟು ಬರುವವನಲ್ಲ, ಆದರೂ ಬಂದು ಎರಡು ದಿನ ಇದ್ದ. ಕಂಬಕ್ಕೆ ಒರಗಿಕೊಂಡು, "ಅಣ್ಣಾ, ಆ ಸೀಮೇಲಿ ಚಳಿಗಾಲ ಬಂದ್ರೆ ಸೂರ್ಯನೇ ಉಟ್ಟಲ್ವಂತೆ, ದಿಟವಾ?" ಎಂದು ಕೇಳಿದ. ಹುಟ್ಟುತ್ತಾನೆ, ಬೇಗ ಮನೆಗೆ ಹೋಗುತ್ತಾನೆ ಎಂದೆ. "ಇಲ್ಲೇ ಯಾವುದಾದ್ರೂ ಕಾಲೇಜ್ನಲ್ಲಿ ಪಾಠ ಯೋಳ್ಕೊಂಡಿದ್ರೆ ಆಗಾಕಿಲ್ವಾ? ಪಾಚಿ ನಮ್ಮ ಬಾವೀಲೇ ಬೇಕಾದಂಗದೆ." ಸಿಟ್ಟಿನಲ್ಲಿ ಹೇಳಿದ್ದಲ್ಲ. ಹೇಳಿದ ಮೇಲೆ ಅವನೇ ತಲೆ ತಗ್ಗಿಸಿ, "ನೀವೂ ಅತ್ತಿಗೇನೂ ಸಾಕಿದ ಮಗ. ನೀವೇಳ್ದಂಗೆ ಬುಡಿ" ಎಂದ. ಅವನ ಮೇಲೆ ಬೇಸರ ಮಾಡಿಕೊಳ್ಳಬೇಡ. ನಿನ್ನ ಅಮ್ಮ ತೀರಿಕೊಂಡಾಗ ಮೂರು ವರ್ಷದ ನಿನ್ನನ್ನು ತಂದು ನಿನ್ನ ದೊಡ್ಡಮ್ಮನ ಮಡಿಲಿಗೆ ಹಾಕಿ ಹೋದವನು ಅವನು. ಒಂದು ಸಲ ಬಿಟ್ಟುಕೊಟ್ಟವನಿಗೆ ಎರಡನೆಯ ಸಲ ಹೆಚ್ಚು ಕಷ್ಟ.

ನಿನ್ನ ದೊಡ್ಡಮ್ಮ ಮಾತ್ರ ಕಾಗದ ಬಂದ ದಿನವೇ ತೀರ್ಮಾನ ಮಾಡಿದ್ದಳು. ಅಕ್ಕಿ ಆರಿಸುತ್ತಾ ಕೂತಿದ್ದವಳಿಗೆ ನಿನ್ನ ಕಾಗದ ಓದಿ ಹೇಳಿದೆ. ಮೊರ ಕೆಳಗಿಟ್ಟು, "ಓಗ್ಲಿ ಕಣ್ರೀ ಮಗ. ಯಾರೂ ಅಡ್ಡ ಬರಬ್ಯಾಡಿ. ನೀವು ಸಮುದ್ರ ನೋಡ್ಕೊಂಡು ಬಂದ್ರಿ, ನಾನು ಈ ನಾಲೆ ದಾಟ್ಲಿಲ್ಲ. ಅವಳಾದ್ರೂ ಓಗಿ ನೋಡ್ಕೊಂಡು ಬಂದು ನಂಗೆ ಕತೆ ಯೋಳ್ಲಿ" ಎಂದಳು. ಆಮೇಲೆ, "ಯಾವ ಊರಾದ್ರೂ ಸರಿ, ಬಾಯ್ತುಂಬ ಮಾತಾಡೋ ಜನ ಇರೋ ಕಡೆ ಕಳಿಸಿ. ಆ ಮಗೀಗೆ ಮಾತಿಲ್ದೆ ಇದ್ರೆ ಅನ್ನ ಸೇರಾಕಿಲ್ಲ" ಎಂದಳು. ಈ ಮಾತನ್ನು ಅವಳ ಬಾಯಿಂದಲೇ ಬಂದ ಹಾಗೆ ಬರೆದಿದ್ದೇನೆ. ಜೋಪಾನವಾಗಿ ಇಟ್ಟುಕೋ.

ನನ್ನ ಲೆಕ್ಕವೂ ಅಲ್ಲಿಂದಲೇ ಶುರುವಾಗುತ್ತದೆ. ಸುಲಭ ಯಾವುದು ಎನ್ನುವುದಕ್ಕಿಂತ, ಎಲ್ಲಿಯ ಜನ ನಿನ್ನ ತಪ್ಪು ಮಾತು ಮುಗಿಯುವವರೆಗೆ ಕಾಯುತ್ತಾರೆ ಎನ್ನುವುದು ದೊಡ್ಡದು.

ನಮ್ಮ ಕಂಪನಿಯ ಹಡಗುಗಳನ್ನು ಪೋಲೆಂಡಿನಲ್ಲಿ ಕಟ್ಟಿಸುತ್ತಿದ್ದ ಕಾಲದಲ್ಲಿ ಒಂದು ಚಳಿಗಾಲ ಪೂರ್ತಿ ನನ್ನನ್ನು ಗ್ದೀನ್ಯಾ ಬಂದರಿನಲ್ಲಿ ಬಿಟ್ಟಿದ್ದರು. ಹಾಲಿನಾ ಎಂಬ ವಿಧವೆಯ ಮನೆಯಲ್ಲಿ ಬಾಡಿಗೆ ಕೋಣೆ. ಅವರಿಗೆ ಇಂಗ್ಲಿಷಿನ ಒಂದು ಅಕ್ಷರ ಬಾರದು, ನನಗೆ ಅವರ ಭಾಷೆಯ ಒಂದು ಅಕ್ಷರ ಬಾರದು. ಮೊದಲ ದಿನ ತಟ್ಟೆಯಲ್ಲಿ ಮಾಂಸ ಬಡಿಸಿದರು. ನಾನು ಕೊರಳಿನ ಲಿಂಗ ಹಿಡಿದುಕೊಂಡು ತಲೆಯಾಡಿಸಿದೆ. ಅವರು ತಮ್ಮ ಕೊರಳಿನ ಶಿಲುಬೆ ಹಿಡಿದುಕೊಂಡು ನನ್ನನ್ನು ನೋಡಿದರು, ತಟ್ಟೆ ಎತ್ತಿಕೊಂಡು ಹೋದರು, ಆಲೂಗಡ್ಡೆ ತುಂಬಿದ ಕಡುಬು ಬೇಯಿಸಿ ತಂದರು. ನಮ್ಮ ಮೊದಲ ಸಂಭಾಷಣೆ ಅದು.

ಅವರ ಭಾಷೆ ಕಿವಿಗೆ ಮೊದಲು ಹೇಗೆ ಕೇಳುತ್ತದೆ ಗೊತ್ತೇ? ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಒಣಗಿದ ಎಲೆಗಳ ನಡುವೆ ನಡೆದ ಹಾಗೆ. ಶ, ಷ, ಚ, ಜ, ಅವುಗಳ ಅಕ್ಕತಂಗಿಯರು, ಎಲ್ಲ ಒಟ್ಟಿಗೆ ಸರಸರ. ಬರವಣಿಗೆ ನೋಡಿದರೆ ಹೆದರಿಕೆ. ಸ್ವರವೇ ಇಲ್ಲದೆ ನಾಲ್ಕು ವ್ಯಂಜನ ಒಟ್ಟಿಗೆ ನಿಂತಿರುತ್ತವೆ. ಆದರೆ ಒಮ್ಮೆ ಅಕ್ಷರಗಳ ಗುಣ ತಿಳಿದರೆ ಆ ಭಾಷೆ ನಿನಗೆ ಮೋಸ ಮಾಡುವುದಿಲ್ಲ. ನಮ್ಮ ಕನ್ನಡದ ಹಾಗೆ, ಬರೆದದ್ದನ್ನೇ ಓದುತ್ತಾರೆ. ಒತ್ತು ಯಾವಾಗಲೂ ಪದದ ಕೊನೆಯಿಂದ ಎರಡನೆಯ ಉಚ್ಚಾರದ ಮೇಲೆ, ಅಷ್ಟು ನೆನಪಿಟ್ಟುಕೊಂಡರೆ ಯಾವ ಊರಿನ ಹೆಸರನ್ನಾದರೂ ಧೈರ್ಯವಾಗಿ ಕೂಗಬಹುದು.

ಕಷ್ಟ ಇರುವುದು ವ್ಯಾಕರಣದಲ್ಲಿ. ಏಳು ವಿಭಕ್ತಿ. ಇಂಗ್ಲಿಷಿನವರು ಕೇಳಿದರೆ ಅಳುತ್ತಾರೆ, ಭೇರ್ಯದ ಶಾಲೆಯಲ್ಲಿ ಪ್ರಥಮಾ ದ್ವಿತೀಯಾ ಒಪ್ಪಿಸಿದ ನೀನು ಅಳಬೇಕಾಗಿಲ್ಲ. ಮನುಷ್ಯರ ಹೆಸರಿಗೂ ವಿಭಕ್ತಿ ಹತ್ತುತ್ತದೆ. ನನ್ನ ಹೆಸರು 'ಆ' ಎಂದು ಮುಗಿಯುವುದರಿಂದ ಹೆಂಗಸರ ಹೆಸರಿನ ಹಾಗೆ ಅದನ್ನು ತಿರುಗಿಸುತ್ತಿದ್ದರು. ಕಂಠಪ್ಪನ ಬೂಟು ಎನ್ನುವಾಗ ನಾನು 'ಕಂತಪ್ಪಿ', ಕಂಠಪ್ಪನ ಜೊತೆ ಎನ್ನುವಾಗ 'ಕಂತಪ್ಪೋಂ'. ಒಂದು ಸಂಜೆ ಹಿಮ ಬೀಳುತ್ತಿದ್ದಾಗ ನಾನು ದಾರಿ ತಪ್ಪಿ ಬೀದಿಯ ಆ ತುದಿಯಲ್ಲಿ ನಿಂತಿದ್ದೆ. ಹಾಲಿನಾ ಬಾಗಿಲಿಗೆ ಬಂದು "ಪಾನ್ಯೆ ಕಂತಪ್ಪೋ!" ಎಂದು ಕೂಗಿದರು. ಪಾನ್ಯೆ ಎಂದರೆ ಸ್ವಾಮಿ ಎಂದ ಹಾಗೆ. ಕಂತಪ್ಪೋ ಎನ್ನುವುದು ಅವರ ಸಂಬೋಧನಾ ವಿಭಕ್ತಿ. ಗದ್ದೆಯ ಬದುವಿನಿಂದ ನಮ್ಮವರು ಕೂಗುವುದೂ ಹಾಗೇ ಅಲ್ಲವೇ, ಕಂಠಪ್ಪೋ ಎಂದು? ಆ ಹಿಮದಲ್ಲಿ ನಿಂತು ನಾನು ಅತ್ತೆ. ಯಾಕೆ ಎಂದು ಅವರಿಗೆ ಹೇಳಲು ಬರಲಿಲ್ಲ. ಅಷ್ಟು ಪೋಲಿಷ್ ಇನ್ನೂ ಕಲಿತಿರಲಿಲ್ಲ.

ಇನ್ನೊಂದು ಎಚ್ಚರಿಕೆ. 'ನಾನು ದಣಿದಿದ್ದೆ' ಎಂದು ಕನ್ನಡದಲ್ಲಿ ಗಂಡಸೂ ಹೆಂಗಸೂ ಒಂದೇ ರೀತಿ ಹೇಳುತ್ತಾರೆ. ಅಲ್ಲಿ ಹಾಗಲ್ಲ, ಆ 'ಇದ್ದೆ'ಗೆ ಹೆಂಗಸು 'ಬಿವಾಮ್' ಎಂದರೆ ಗಂಡಸು 'ಬಿವೆಮ್' ಎನ್ನಬೇಕು. ನಾನು ಮಾತು ಕಲಿತದ್ದೆಲ್ಲ ಹಾಲಿನಾ ಅವರ ಬಾಯಿಂದ. ಹಡಗುಕಟ್ಟೆಗೆ ಹೋಗಿ, ಎಣ್ಣೆ ಮೆತ್ತಿಕೊಂಡ ಇಷ್ಟು ದಪ್ಪ ಮೀಸೆಯ ಗಂಡಸು, 'ನಿನ್ನೆ ನಾನು ಬಹಳ ದಣಿದಿದ್ದೆ' ಎಂದು ಹೆಂಗಸಿನ ಹಾಗೆ ಹೇಳಿದರೆ ಬೆಸುಗೆ ಹಾಕುವವರೆಲ್ಲ ಕನ್ನಡಕ ತೆಗೆದು ನಕ್ಕರು. ನಕ್ಕು, ತಿದ್ದಿದರು. ತಿದ್ದಿ, ಮತ್ತೆ ಹೇಳಿಸಿದರು. ನಾನು ವಾಕ್ಯ ಹುಡುಕುತ್ತಾ ನಿಂತರೆ ಹಾಲಿನಾ ಸೌಟು ಕೈಯಲ್ಲೇ ಹಿಡಿದುಕೊಂಡು ಕಾಯುತ್ತಿದ್ದರು. ಒಲೆಯ ಮೇಲೆ ಸಾರು ಉಕ್ಕಿದರೂ ನನ್ನ ವಾಕ್ಯ ಮುಗಿಯುವವರೆಗೆ ತಿರುಗುತ್ತಿರಲಿಲ್ಲ. ನಿನಗೆ ಪೋಲಿಷ್ ಕಲಿಯಲು ಮೊದಲ ಆರು ತಿಂಗಳು ಬಂಡೆ ಹತ್ತಿದ ಹಾಗೆ. ಆಮೇಲೆ ಮೇಲೆ ಬಯಲು.

ಡ್ಯಾನಿಷ್ ಇದಕ್ಕೆ ತಿರುವುಮುರುವು. ಬಯಲಿನಲ್ಲಿ ಶುರುವಾಗಿ ನೀರಿನೊಳಗೆ ಇಳಿಯುತ್ತದೆ.

ಆಮೇಲಿನ ವರ್ಷಗಳಲ್ಲಿ ಇಂಜಿನ್ ಕೆಲಸ ಕಲಿಯಲು ಕೋಪನ್‌ಹೇಗನ್ನಿಗೆ ಕಳಿಸಿದರಲ್ಲ, ಅಲ್ಲಿ ಸ್ವೆಂಡ್ ಎಂಬ ಫಿಟ್ಟರ್ ನನ್ನ ಜೊತೆಗಾರ. ಅವನ ಹೆಸರನ್ನು ಬಿಲ್ಲೆಯ ಮೇಲೆ ಓದಿ 'ಸ್ವೆಂಡ್, ಸ್ವೆಂಡ್' ಎಂದು ಕರೆದರೆ ಅವನು ತಿರುಗಿಯೇ ನೋಡಲಿಲ್ಲ. ಕಿವುಡನಿರಬೇಕು ಪಾಪ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಕೊನೆಯ 'ಡ' ಬರೆಯುವುದಕ್ಕೆ ಮಾತ್ರ, ಕರೆಯುವುದು ಸ್ವೆನ್ ಎಂದು. ಕಾಗದದ ಮೇಲೆ ಆ ಭಾಷೆ ಎಳೆಮಗುವಿನಷ್ಟು ಸಾಧು. ನಾನು ಬರುತ್ತೇನೆ, ನೀನು ಬರುತ್ತೀಯ, ಅವರು ಬರುತ್ತಾರೆ, ಎಲ್ಲಕ್ಕೂ ಒಂದೇ ಕ್ರಿಯಾಪದ. ವಿಭಕ್ತಿಯ ಕಾಟವಿಲ್ಲ. ಇಂಗ್ಲಿಷ್ ಬಲ್ಲವಳು ನೀನು, ಎರಡು ತಿಂಗಳಿಗೆ ಅವರ ಪತ್ರಿಕೆ ಓದುತ್ತೀಯ. ಆದರೆ ಅವರು ಬಾಯಿ ತೆರೆದರೆ ಓದಿದ್ದೆಲ್ಲ ಮಾಯ. ನಾವು ಮುದ್ದೆ ಉಣ್ಣುವ ಹಾಗೆ ಅವರು ಮಾತಾಡುತ್ತಾರೆ, ಅಗಿಯುವುದಿಲ್ಲ, ನುಂಗುತ್ತಾರೆ. ನಮ್ಮವರು ಹಳ್ಳಿಯ ಹಕಾರ ನುಂಗಿ ಅಳ್ಳಿ ಎನ್ನುವುದು ಅದರ ಮುಂದೆ ಏನೂ ಅಲ್ಲ. ಗಂಟಲಲ್ಲಿ ಒಂದು ಸಣ್ಣ ತಡೆ ಬೇರೆ ಇದೆ, ಬಿಕ್ಕಳಿಕೆ ಬರುವ ಮುಂಚೆ ಉಸಿರು ನಿಂತ ಹಾಗೆ. ಅದು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. 'ಅವಳು' ಎನ್ನುವುದಕ್ಕೂ 'ನಾಯಿ' ಎನ್ನುವುದಕ್ಕೂ ನಡುವೆ ಆ ತಡೆಯಷ್ಟೇ ವ್ಯತ್ಯಾಸ. ಸ್ವೆಂಡನ ಮನೆಗೆ ಊಟಕ್ಕೆ ಹೋದಾಗ ಅವನ ತಾಯಿಯನ್ನು ತೋರಿಸಿ, ಅವಳು ರುಚಿಯಾಗಿ ಅಡುಗೆ ಮಾಡುತ್ತಾಳೆ ಎನ್ನಲು ಹೋಗಿ ಬೇಡದ ಕಡೆ ಗಂಟಲು ಹಿಡಿದೆ. ಆ ಮುದುಕಿ ನಕ್ಕು ನಕ್ಕು ಸೆರಗಿಲ್ಲದೆ ಮೇಜಿನ ಬಟ್ಟೆಯಲ್ಲಿ ಕಣ್ಣೊರಸಿಕೊಂಡರು.

ಆ ಜನ ಒಳ್ಳೆಯವರು, ಅದರಲ್ಲಿ ಅನುಮಾನವಿಲ್ಲ. ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರಿಗೂ ಏಕವಚನ. ಚೀಫ್ ಇಂಜಿನಿಯರನ್ನೂ ಹೆಸರು ಹಿಡಿದು ಕರೆಯಬೇಕು. ನನಗೆ ನಾಲಿಗೆ ಏಳದೆ, ಅವರ ಎದುರು ನಿಂತು ಕೆಮ್ಮುತ್ತಿದ್ದೆ. ಸಂಬಂಧದ ಮಾತುಗಳಲ್ಲಿ ಮಾತ್ರ ಅವರು ನಮ್ಮವರೇ. ಇಂಗ್ಲಿಷಿನ ಹಾಗೆ ಎಲ್ಲರನ್ನೂ ಆಂಟಿ ಎಂದು ಒಂದೇ ಚೀಲಕ್ಕೆ ತುಂಬುವುದಿಲ್ಲ. ಅಪ್ಪನ ತಂಗಿ ಬೇರೆ, ಅಮ್ಮನ ಅಕ್ಕ ಬೇರೆ. ಅಮ್ಮನ ಅಕ್ಕನಿಗೆ 'ಮೊಸ್ಟರ್' ಎನ್ನುತ್ತಾರೆ. ಅಮ್ಮ ಎನ್ನುವ ಮಾತೂ ಅಕ್ಕ ಎನ್ನುವ ಮಾತೂ ಕೂಡಿಕೊಂಡು ಸವೆದು ಒಂದಾದದ್ದು ಎಂದು ಸ್ವೆಂಡನ ತಾಯಿ ಬೆರಳು ಹೆಣೆದು ತೋರಿಸಿದ್ದರು.

ಆದರೆ ಒಂದು ವಿಷಯ ಇದೆ. ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ಬ್ರೆಡ್ ಅಂಗಡಿಯಲ್ಲಿ ನಾನು ರಾತ್ರಿಯೆಲ್ಲ ಉರು ಹೊಡೆದ ಡ್ಯಾನಿಷ್ ವಾಕ್ಯ ಶುರು ಮಾಡಿದರೆ, ಅರ್ಧಕ್ಕೆ ಆ ಹುಡುಗಿ ನಗುಮುಖದಿಂದ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟುಬಿಡುತ್ತಿದ್ದಳು. ಉಪಕಾರವೇ. ಆದರೆ ನನ್ನ ಉಳಿದರ್ಧ ವಾಕ್ಯ ಕೈಯಲ್ಲೇ ಉಳಿಯುತ್ತಿತ್ತು. ನೀನು ಅಲ್ಲಿಗೆ ಹೋದರೆ ನಿನಗೆ ಯಾವ ತೊಂದರೆಯೂ ಆಗುವುದಿಲ್ಲ, ಆದ್ದರಿಂದಲೇ ಭಾಷೆ ಬರುವುದು ತಡವಾಗುತ್ತದೆ. ಬೇಕೇ ಬೇಕು ಎಂದರೆ ಇಂಗ್ಲಿಷ್ ಬಾರದ ಒಬ್ಬ ಅಜ್ಜಿಯನ್ನು ಹುಡುಕಿಕೋ.

ಮೊನ್ನೆ ಬೆಳಗಿನ ಜಾವ ಒಂದು ಕನಸು. ನಮ್ಮ ಹಿತ್ತಲ ಬಾವಿಕಟ್ಟೆಯ ಮೇಲೆ ಹಾಲಿನಾ ಅವರೂ ನಿನ್ನ ದೊಡ್ಡಮ್ಮನೂ ಕೂತು ಕಡುಬು ಕಟ್ಟುತ್ತಿದ್ದಾರೆ. ಹಿಟ್ಟು ಬೆಳ್ಳಗೆ ಬೀಳುತ್ತಿದೆಯೋ ಹಿಮವೋ ಗೊತ್ತಿಲ್ಲ. ಇಬ್ಬರೂ ಒಂದೇ ಸಮನೆ ಮಾತಾಡುತ್ತಿದ್ದಾರೆ, ಒಬ್ಬರ ಮಾತಿಗೆ ಒಬ್ಬರು ನಗುತ್ತಿದ್ದಾರೆ. ಯಾವ ಭಾಷೆ ಎಂದು ಕಿವಿಗೊಟ್ಟೆ. ಕನ್ನಡವಲ್ಲ, ಪೋಲಿಷಲ್ಲ, ಆದರೆ ನನಗೆ ಪೂರ್ತಿ ತಿಳಿಯುತ್ತಿತ್ತು. ಮಂಗಳಾ, ಇದನ್ನ ಯಾವಾಗ ಕಲಿತೆ ಎಂದು ನಿನ್ನ ದೊಡ್ಡಮ್ಮನನ್ನು ಕೇಳಿದೆ. ಅವಳು ತಿರುಗಿ, "ಇದೇನು ಕಲಿಯಾಕೆ ಅದೆ ಬುಡ್ರೀ" ಎಂದಳು. ಎಚ್ಚರವಾದಾಗ ಹೊರಗೆ ಬೆಳಕು ಹರಿಯುತ್ತಿತ್ತು. ಅವಳು ಪಕ್ಕದಲ್ಲೇ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಕನಸನ್ನು ಹೇಳಿದೆ. ನನ್ನ ಕೈ ಹಿಡಿದುಕೊಂಡಳು.

ಪಾಚಿಯ ವಿಷಯ ನಿನಗೆ ಬಿಟ್ಟದ್ದು. ವೀರನಹೊಸಹಳ್ಳಿಯ ಕಾಡಿನಂಚಿನಲ್ಲಿ ನೀನು ಬಂಡೆಗೆ ಕೆನ್ನೆ ಆನಿಸಿ ಭೂತಗನ್ನಡಿ ಹಿಡಿದು ಮಲಗಿದ್ದು, ಕಾವಲುಗಾರ ಬಂದು "ಈ ಮಗೀಗೆ ಉಷಾರಿಲ್ವಾ?" ಎಂದು ಕೇಳಿದ್ದು ನನಗೆ ನೆನಪಿದೆ. ಯಾವ ಮೇಷ್ಟ್ರ ಹತ್ತಿರ ಹೆಚ್ಚು ಕಲಿಯುತ್ತೀಯೋ ನೀನೇ ಬಲ್ಲೆ. ಆದರೆ ಕೇಳಿದ್ದೀಯ, ಹೇಳುತ್ತೇನೆ. ತಕ್ಕಡಿಯ ಎರಡೂ ತಟ್ಟೆ ಸಮ ತೂಗಿದರೆ ಪೋಲೆಂಡ್ ಎಂದು ಬರೆ. ಕಲಿಯುವುದು ಕಷ್ಟ, ಆದರೆ ಕಲಿತದ್ದು ಕೈಬಿಡುವುದಿಲ್ಲ. ಈಗ ಅಲ್ಲಿಯ ಹುಡುಗರಿಗೂ ಇಂಗ್ಲಿಷ್ ಬಂದಿರಬಹುದು, ಕಾಲ ಬದಲಾಗಿರಬಹುದು. ಆದರೂ ಕಾಯುವ ಗುಣ ಅಷ್ಟು ಬೇಗ ಹೋಗಲಾರದು ಎಂದು ನನ್ನ ನಂಬಿಕೆ. ಡೆನ್ಮಾರ್ಕ್ ಎಂದು ಬರೆದರೂ ನನಗೆ ಸಂತೋಷವೇ. ಗಂಟಲಿನ ಆ ತಡೆಯನ್ನು ಮಾತ್ರ ಎಚ್ಚರಿಕೆಯಿಂದ ಬಳಸು.

ಉಣ್ಣೆಯ ಕಾಲುಚೀಲ ನಾಲ್ಕು ಜೊತೆ ಇಟ್ಟಿದ್ದೇನೆ, ಹಳೆಯವು, ಆದರೆ ಗಟ್ಟಿ. ಚಿಕ್ಕಸಿದ್ದಮ್ಮ ನಿನ್ನನ್ನು ಕೇಳಿದಳು ಎಂದು ತಿಳಿಸಲು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಾಡಿಗೆ ಒಬ್ಬಳೇ ಹೋಗಬೇಡ. ನೀನು ಹೋದಲ್ಲೆಲ್ಲ ನಿನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಒಬ್ಬರಾದರೂ ಸಿಗಲಿ. ನಿನ್ನ ದೊಡ್ಡಮ್ಮನ ಆಶೀರ್ವಾದವೂ ಇದರಲ್ಲಿ ಸೇರಿದೆ, ಅವಳ ಕೈಯನ್ನು ಈ ಕಾಗದದ ಮೇಲೆ ಇಡಿಸಿದ್ದೇನೆ.

ಇಂತಿ ನಿನ್ನ ದೊಡ್ಡಪ್ಪ,
ಕಂಠಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಡಿಸಿದ್ದೇನೆ.

ಬಲಿಪಾಡ್ಯಮಿಯ ಮಾರನೆಯ ಬೆಳಿಗ್ಗೆ ನಿನ್ನ ದೊಡ್ಡಮ್ಮ ಹಾಲು ಕಾಯಿಸುತ್ತಿದ್ದವಳು ಒಲೆಯ ಮುಂದೆಯೇ ಕುಸಿದಳು. ಲಕ್ವ. ನಿನ್ನ ಅಪ್ಪ ಕಾರು ಮಾಡಿಕೊಂಡು ಓಡಿ ಬಂದ, ಮೈಸೂರಿನ ಆಸ್ಪತ್ರೆಯಲ್ಲಿದ್ದು ಬಂದೆವು. ಜೀವಕ್ಕೆ ಭಯವಿಲ್ಲ ಎಂದಿದ್ದಾರೆ. ಬಲಗಾಲು ಎಳೆಯುತ್ತದೆ, ನನ್ನ ಭುಜ ಹಿಡಿದು ಜಗಲಿಯವರೆಗೆ ಬರುತ್ತಾಳೆ. ಹೋಗಿರುವುದು ಮಾತು. ನಾವು ಹೇಳುವುದೆಲ್ಲ ಅವಳಿಗೆ ತಿಳಿಯುತ್ತದೆ, ಹೇಳಬೇಕಾದದ್ದೂ ಒಳಗೆ ಇದೆ, ನಾಲಿಗೆಗೆ ದಾರಿ ಸಿಗುತ್ತಿಲ್ಲ. ಯಾವಾಗ ಸಿಗುತ್ತದೆ ಎಂದು ಡಾಕ್ಟರು ಹೇಳಲಾರರು. ದಿನಾ ಹೇಳಿಸಿ, ಬೇಸರ ಮಾಡಿಕೊಳ್ಳಬೇಡಿ ಎಂದರು. ಪುರುಸೊತ್ತಿರಲಿಲ್ಲ ಎಂದೆನಲ್ಲ, ಇದೇ ಕೆಲಸ. ಬೆಳಿಗ್ಗೆ ಎದುರು ಕೂತು ಚೊಂಬು ತೋರಿಸಿ 'ನೀರು' ಎನ್ನುತ್ತೇನೆ. ಅವಳು ನನ್ನ ಬಾಯನ್ನೇ ನೋಡುತ್ತಾಳೆ, ತುಟಿ ಕೂಡಿಸುತ್ತಾಳೆ, ಹಣೆಯಲ್ಲಿ ಬೆವರು ಬರುತ್ತದೆ. ಆಮೇಲೆ ಬರುವುದು ಒಂದೇ ಮಾತು. "ಶಿವೂ."

ನೀರಿಗೂ ಶಿವೂ. ಉಪ್ಪಿಗೂ ಶಿವೂ. ಕಿಟಕಿ ಹಾಕಿ ಎನ್ನುವುದಕ್ಕೂ, ನೋವಾಗುತ್ತಿದೆ ಎನ್ನುವುದಕ್ಕೂ, ನನ್ನನ್ನು ಕರೆಯುವುದಕ್ಕೂ ಅದೇ. ಚಿಕ್ಕಸಿದ್ದಮ್ಮ ಬಂದು ಕೇಳಿ ಕೈಮುಗಿದಳು. "ಪುಣ್ಯಾತ್ಗಿತ್ತಿ ಕಣ್ರೀ ನಿಮ್ಮೆಂಡ್ರು. ಮಾತೆಲ್ಲ ಓದ್ರೂ ಶಿವನ್ನ ಬುಟ್ಟಿಲ್ಲ" ಎಂದಳು. ಊರವರೆಲ್ಲ ಹಾಗೇ ತಿಳಿದಿದ್ದಾರೆ. ನಾನು ತಿದ್ದಲು ಹೋಗಿಲ್ಲ. ನಿನ್ನನ್ನು ಅವಳು ಸ್ಕೂಲಿನಿಂದ ಕೂಗಿ ಕರೆಯುತ್ತಿದ್ದ ರಾಗ ನನಗೆ ಗೊತ್ತಿಲ್ಲವೇ.

ನಿನಗೆ ತಿಳಿಸುತ್ತೇನೆ ಎಂದಾಗ ಎಡಗೈಯಲ್ಲಿ ನನ್ನ ಮಣಿಕಟ್ಟು ಒತ್ತಿ ಹಿಡಿದು ತಲೆಯಾಡಿಸಿದಳು. ಗೊತ್ತಾದರೆ ನೀನು ಹೋಗುವುದಿಲ್ಲ ಎಂದು ಅವಳಿಗೆ ಹೆದರಿಕೆ. ನಿನ್ನ ಅಪ್ಪನ ಕೈಲೂ ಆಣೆ ಹಾಕಿಸಿಕೊಂಡಳು, ಮಾತಿಲ್ಲದೆಯೇ. ಅದನ್ನು ಮೀರಿ ಬರೆದಿದ್ದೇನೆ.

ಬಾ ಮಗಳೇ. ಬಂದು ಅವಳ ಹತ್ತಿರ ಕೂತು ನಾಲ್ಕು ದಿನ ಇದ್ದು ಹೋಗು. ಆದರೆ ಯಾವ ದೇಶ ಎಂದು ಬರೆದು ದೆಹಲಿಗೆ ಕಳಿಸಿಯೇ ಬಾ. ಹೋಗುವುದಿಲ್ಲ ಎಂದುಕೊಂಡು ಮಾತ್ರ ಅವಳ ಮುಂದೆ ಬಂದು ನಿಲ್ಲಬೇಡ. ನಿನ್ನನ್ನು ಬೈಯಲು ಈಗ ಅವಳ ಹತ್ತಿರ ನಿನ್ನ ಹೆಸರು ಬಿಟ್ಟು ಬೇರೆ ಮಾತಿಲ್ಲ.